ಕಾಫಿ ಆರಿಹೋಗುತ್ತದೆಂದು ನಿಲ್ಲಿಸಿದ ಪ್ರಶ್ನೆ

ಎಲ್ಲಿಂದ ಎತ್ತಿಕೊಳ್ಳಲಿ? ಚೆನ್ನೈಯ ಗಿಂಡಿ ಸ್ಟೇಷನ್ನಿನ ಮೆಟ್ಟಿಲುಗಳಿಂದ ಶುರುಮಾಡಿದರೆ ಊರೇನೋ ಚೆನ್ನಾಗಿ ಬರುತ್ತದೆ, ಆದರೆ ತೃಪ್ತಿ ಅಲ್ಲಿಂದ ತನ್ನ ವಿಭಾಗ ತಲುಪುವಷ್ಟರಲ್ಲಿ ನೀವು ಪುಟ ತಿರುವಿರುತ್ತೀರಿ. ಹೂಗುಚ್ಛದಿಂದ ಶುರುಮಾಡಬಹುದು. ಅತಿಥಿ ಉಪನ್ಯಾಸಕ್ಕೆ ಹೂಗುಚ್ಛ ಹಿಡಿದು ನಿಲ್ಲಲು ಹುಡುಗಿಯರೇ ಬೇಕು, ಪ್ರಶ್ನೆ ಕೇಳಲು ಮಾತ್ರ ಬೇಡ. (ಈ ವಾಕ್ಯಕ್ಕೆ ಭಾಷಣದ ವಾಸನೆ ಬಂತೆಂದು ಒಮ್ಮೆ ಹೊಡೆದುಹಾಕಿದ್ದೆ. ಸಿಟ್ಟು ಇಳಿಯಲಿಲ್ಲ, ಮತ್ತೆ ಬರೆದಿದ್ದೇನೆ.)

"ಮಾಮಾ, ನಾನು ಕೈ ಎತ್ತಿದ್ನಲ್ಲಾ, ಅಲ್ಲಿಂದ ಶುರುಮಾಡಿ," ಅಂದಳು ತೃಪ್ತಿ. ಪಲ್ಲಾವರಂನಲ್ಲಿ ನಮ್ಮದೂ ಅವರದೂ ಒಂದೇ ಬೀದಿ. ಕಥೆ ಅವಳದು, ಕೈಬರಹ ನನ್ನದು. ಬರೆದಷ್ಟನ್ನೂ ಅವಳಿಗೆ ಓದಿ ಹೇಳುವುದೆಂದು ಒಪ್ಪಂದ. ಆ ಒಪ್ಪಂದಕ್ಕೆ ಯಾಕಾದರೂ ಒಪ್ಪಿದೆನೋ ಎಂದು ಮುಂದೆ ನಿಮಗೇ ಅನ್ನಿಸುತ್ತದೆ.

೧

ಕೈ ಎತ್ತುವ ಮೊದಲು ಅವಳು ಯಾರೆಂದು ಹೇಳಬೇಕು. ತೃಪ್ತಿ ಮಾಧ್ವರ ಹುಡುಗಿ. ಮುತ್ತಜ್ಜನ ಕಾಲಕ್ಕೆ ಮದರಾಸಿಗೆ ಬಂದ ಮನೆತನ. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ತಮಿಳು, ಲ್ಯಾಬಿನಲ್ಲಿ ಇಂಗ್ಲಿಷು. ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಪಿಎಚ್‌ಡಿಗೆ ಸೇರಿ ಐದನೆಯ ವರ್ಷ.

ಅವಳ ಗೈಡ್ ಡಾಕ್ಟರ್ ಉಪೇಂದ್ರ. ಅವರದೂ ಇಲ್ಲೇ ತಲೆಮಾರುಗಟ್ಟಲೆ ನೆಲೆಸಿದ ಕನ್ನಡದ ಮನೆ. ವರ್ಷಕ್ಕೊಮ್ಮೆ ಕೃಷ್ಣಾಷ್ಟಮಿಯ ಮರುದಿನ ತೃಪ್ತಿಯ ಮನೆಗೆ ಬಂದು, "ನೀರಜಮ್ಮಾ, ನಿಮ್ಮ ಗೊಜ್ಜವಲಕ್ಕಿ ಬಾಯಿಗೆ ಬೀಳದಿದ್ರೆ ನನಗೆ ಅಷ್ಟಮಿ ಮುಗಿದ ಹಾಗೇ ಇಲ್ಲ," ಎಂದು ಅವಳ ತಾಯಿಗೆ ಹೇಳಿ, ಎರಡು ಸಲ ಬಡಿಸಿಕೊಂಡು ತಿಂದು ಹೋಗುವವರು. ಕೆಟ್ಟ ಮನುಷ್ಯರಲ್ಲ. ಹಾಗೆ ನೋಡಿದರೆ ಈ ಕಥೆಯಲ್ಲಿ ಯಾರೂ ಕೆಟ್ಟ ಮನುಷ್ಯರಲ್ಲ, ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

೨

ರಸಾಯನಶಾಸ್ತ್ರ ಎಂದರೆ ಆಗದವರು ಎರಡು ಪ್ಯಾರಾ ತಾಳಿಕೊಳ್ಳಿ. (ಪಿಯುಸಿಯಲ್ಲಿ ಆ ವಿಷಯದಲ್ಲಿ ಅಂಚಿನಲ್ಲಿ ಪಾಸಾದ ನನಗೇ ಅರ್ಥವಾಗಿದೆ.)

ಬೆಂಜೀನ್ ಎಂಬ ಉಂಗುರದಾಕಾರದ ಅಣುಗಳಿವೆ. ಔಷಧಿ ತಯಾರಿಸುವವರಿಗೆ ಅಂಥ ಎರಡು ಉಂಗುರಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ ಬೆಳಗಾದರೆ ಬೇಕು. ಅವು ತಾವಾಗಿ ಕೂಡಿಕೊಳ್ಳುವುದಿಲ್ಲ, ನಡುವೆ ಪಲೇಡಿಯಂ ಎಂಬ ದುಬಾರಿ ಲೋಹ ಇರಬೇಕು. ಉತ್ತರದ ದೊಡ್ಡ ಸಂಸ್ಥೆಯೊಂದರ ಪ್ರೊಫೆಸರ್ ಕೃಷ್ಣಪ್ರಸಾದರು ಕೆಲವು ವರ್ಷಗಳ ಹಿಂದೆ, ಲೋಹವೇ ಬೇಡ, ಸೋಡಿಯಂ ಕಾರ್ಬೊನೇಟ್ ಹಾಕಿ ನೀರಿನಲ್ಲಿ ಕುದಿಸಿದರೆ ಸಾಕು ಎಂದು ಪ್ರಬಂಧ ಪ್ರಕಟಿಸಿದರು. ಕಾರ್ಬೊನೇಟ್ ಎಂದರೆ ಬಟ್ಟೆಗೆ ಹಾಕುವ ಸೋಡಾ. ಪ್ರಬಂಧಕ್ಕೆ ಹೆಸರು ಬಂತು, ಅವರಿಗೆ ಪ್ರಶಸ್ತಿ ಬಂತು, ಅನುದಾನ ಹಂಚುವ ಸಮಿತಿಯಲ್ಲಿ ಕುರ್ಚಿ ಬಂತು. ಉಪೇಂದ್ರರು ಅದೇ ಕ್ರಿಯೆಯನ್ನು ಮುಂದುವರಿಸು ಎಂದು ತೃಪ್ತಿಗೆ ಕೊಟ್ಟರು.

ಮೊದಮೊದಲು ಕ್ರಿಯೆ ಸರಿಯಾಗಿ ಬಂತು. ಲ್ಯಾಬಿನ ಹಳೆಯ ಕಾರ್ಬೊನೇಟ್ ಬಾಟಲಿ ತಳ ಕಂಡು ಹೊಸದನ್ನು ಒಡೆದ ದಿನದಿಂದ ಬರುವುದು ನಿಂತಿತು. ತೃಪ್ತಿ ಗಾಜಿನ ಸಾಮಾನೆಲ್ಲ ಆ್ಯಸಿಡ್ಡಿನಲ್ಲಿ ತೊಳೆದಳು, ನೀರು ಬದಲಿಸಿದಳು, ಉಷ್ಣತೆ ಬದಲಿಸಿದಳು, ದೇವರಿಗೆ ತುಪ್ಪದ ದೀಪ ಹಚ್ಚಿದಳು. ವರ್ಷಗಳು ಹೋದವು. ಕೊನೆಗೆ, ದೀಪಾವಳಿಗೆ ಸ್ವಲ್ಪ ಮೊದಲು, ಹಳೆಯ ಬಾಟಲಿಯ ತಳದಲ್ಲಿ ಅಂಟಿಕೊಂಡಿದ್ದ ಪುಡಿಯನ್ನು ಕೆರೆದು, ಲೋಹದ ಲವಲೇಶವನ್ನೂ ಹಿಡಿಯುವ ಯಂತ್ರವಿರುವ ಬೇರೊಂದು ಕಡೆಗೆ ಕಳಿಸಿದಳು. ಅದರಲ್ಲಿ ಪಲೇಡಿಯಂ ಇತ್ತು. ಕಣ್ಣಿಗೆ ಕಾಣದಷ್ಟು, ಆದರೆ ಕೆಲಸ ಮಾಡುವಷ್ಟು. ಹೊಸ ಬಾಟಲಿಯದಕ್ಕೆ ಅಷ್ಟೇ ಪಲೇಡಿಯಂ ಬೆರೆಸಿ ನೋಡಿದಳು. ಉಂಗುರಗಳು ಒಳ್ಳೆಯ ಮಕ್ಕಳ ಹಾಗೆ ಬಂದು ಜೋಡಿಯಾದವು.

ಲೋಹವೇ ಬೇಡ ಎಂದಿದ್ದ ಕ್ರಿಯೆಯನ್ನು ಮಾಡುತ್ತಿದ್ದದ್ದು ಲೋಹವೇ. ಬಾಟಲಿಯಲ್ಲಿ ಕಸವಾಗಿ ಬಂದು ಕೂತಿತ್ತು.

ಉಪೇಂದ್ರರು ಫಲಿತಾಂಶವನ್ನು ನಿಧಾನವಾಗಿ ಓದಿ ಕನ್ನಡಕ ತೆಗೆದರು. "ಇದು ನಮ್ಮ ಬಾಟಲ್ ವಿಷಯಮ್ಮಾ. ಅವರ ಬಾಟಲಲ್ಲಿ ಏನಿತ್ತು ಅಂತ ನಮಗೆ ತೆರಿಯುಮಾ? ಅಪ್ಪುರಂ ನೋಡ್ಕೊಳ್ಳೋಣ. ಸದ್ಯಕ್ಕೆ ಯಾರ ಹತ್ರಾನೂ ಬಾಯಿಬಿಡಬೇಡ."

ಅವಳು ಬಾಯಿಬಿಡಲಿಲ್ಲ. ಅದೇ ತಿಂಗಳು ಭವಾನಿ ಎಂಬ ಹೊಸ ಹುಡುಗಿ ಲ್ಯಾಬಿಗೆ ಸೇರಿದಳು. ಮಾಧವರಂನಿಂದ ಬರುತ್ತಾಳೆ. ತಂದೆ ಸೋಮಲಿಂಗಪ್ಪನವರದು ಬ್ಯಾಡಗಿ ಮೆಣಸಿನಕಾಯಿಯ ಸಗಟು ವ್ಯಾಪಾರ. ಕನ್ನಡ ಅರ್ಥವಾಗುತ್ತದೆ, ಉತ್ತರ ಕೊಡುವುದು ಮಾತ್ರ ತಮಿಳಿನಲ್ಲಿ. ಪಕ್ಕದ ಮೇಜಿನಲ್ಲಿ ಅವಳಿಗೆ ಉಪೇಂದ್ರರು ಯಾವ ಕ್ರಿಯೆ ಕೊಟ್ಟರು? ಅದನ್ನೇ.

೩

ಆ ಕೃಷ್ಣಪ್ರಸಾದರೇ ವಿಭಾಗಕ್ಕೆ ದತ್ತಿ ಉಪನ್ಯಾಸ ಕೊಡಲು ಬಂದರು.

ನೀವು ಇಂಥ ಸಭೆ ನೋಡಿರುತ್ತೀರಿ. ಮುಂದಿನ ಸಾಲಿಗೆ ಸೋಫಾ, ಹಿಂದಿನವರಿಗೆ ಕಿರುಗುಟ್ಟುವ ಕುರ್ಚಿ. ಬ್ಯಾನರಿನಲ್ಲಿ ಅತಿಥಿಯ ಮುಖ ದೊಡ್ಡದು, ವಿಷಯ ಚಿಕ್ಕದು. ತಮಿಳ್ ತಾಯ್ ವಾಳ್ತು ಎಂಬ ನಾಡಗೀತೆ, ದೀಪ, ಶಾಲು, ಅತಿಥಿಯ ಪರಿಚಯ. ಪರಿಚಯದಲ್ಲಿ ಅವರ ಪ್ರಶಸ್ತಿಗಳು ಮುಗಿಯುವ ಹೊತ್ತಿಗೆ ಎಂಎಸ್ಸಿ ಹುಡುಗರು ಎರಡು ಸಲ ಚಪ್ಪಾಳೆ ತಟ್ಟಿ ಮುಗಿಸಿದ್ದರು. ಹೂಗುಚ್ಛ ಹಿಡಿದವಳು ತೃಪ್ತಿ.

(ಇಲ್ಲಿ ಉಪನ್ಯಾಸಕರನ್ನು ಬೊಜ್ಜಿನ, ಗೊಗ್ಗರು ದನಿಯ ಮನುಷ್ಯನನ್ನಾಗಿ ಬರೆದಿದ್ದೆ. ತೃಪ್ತಿ ತಿದ್ದಿಸಿದಳು. "ಇಲ್ಲ ಮಾಮಾ. ತುಂಬ ಚೆನ್ನಾಗಿ ಮಾತಾಡಿದ್ರು. ನಾನೇ ಮರೆತು ಕೇಳ್ತಾ ಕೂತಿದ್ದೆ." ಸರಿ. ಅವರು ತೆಳ್ಳಗೆ, ಲಕ್ಷಣವಾಗಿದ್ದರು, ತುಂಬ ಚೆನ್ನಾಗಿ ಮಾತಾಡಿದರು.)

ಅರ್ಧ ದಾರಿಯಲ್ಲಿ ಆ ಸ್ಲೈಡು ಬಂತು. ಎರಡು ಉಂಗುರಗಳು, ಬಾಣದ ಗುರುತು, ಬಾಣದ ಮೇಲೆ ಹಸಿರು ಅಕ್ಷರದಲ್ಲಿ "ನೋ ಮೆಟಲ್". ತೃಪ್ತಿಯ ಪಕ್ಕದಲ್ಲಿ ಕೂತಿದ್ದ ಭವಾನಿ ಅದನ್ನು ಶ್ರದ್ಧೆಯಿಂದ ಫೋನಿನಲ್ಲಿ ಫೋಟೋ ತೆಗೆದುಕೊಂಡಳು.

ಪ್ರಶ್ನೋತ್ತರ ಶುರುವಾಯಿತು. ಮೊದಲು ಎದ್ದ ಹಿರಿಯ ಪ್ರೊಫೆಸರು ತಮ್ಮದು ಪ್ರಶ್ನೆಯಲ್ಲ, ಮೆಚ್ಚುಗೆ ಎಂದರು. ಎರಡನೆಯವರು ಇಂದಿನ ಯುವಜನರಿಗೆ ತಮ್ಮ ಸಂದೇಶವೇನು ಎಂದು ಕೇಳಿದರು. ಕಷ್ಟಪಟ್ಟು ಕೆಲಸ ಮಾಡಿ, ಪ್ರಾಮಾಣಿಕವಾಗಿರಿ ಎಂದು ಅತಿಥಿ ಸಂದೇಶ ಕೊಟ್ಟರು. (ಇದನ್ನು ನಾನು ಸೇರಿಸಿದ್ದಲ್ಲ. ಸೇರಿಸಿದ್ದರೆ ಇನ್ನೂ ಸ್ವಲ್ಪ ನಂಬುವ ಹಾಗೆ ಸೇರಿಸುತ್ತಿದ್ದೆ.)

ತೃಪ್ತಿ ಕೈ ಎತ್ತಿದಳು. ಮೈಕು ಬಂತು. ಅವಳು ಇಂಗ್ಲಿಷಿನಲ್ಲಿ, ನಡುಗದ ದನಿಯಲ್ಲಿ ಕೇಳಿದಳು: "ಸರ್, ನೀವು ಬಳಸಿದ ಕಾರ್ಬೊನೇಟಿನಲ್ಲಿ ಪಲೇಡಿಯಂ ಇದೆಯೇ ಎಂದು ಪರೀಕ್ಷಿಸಿದಿರಾ? ನಮ್ಮ ಬಾಟಲಿಯಲ್ಲಿ ಇತ್ತು. ಅದಿಲ್ಲದ ಬಾಟಲಿಯಲ್ಲಿ ಈ ಕ್ರಿಯೆ ನಡೆಯುವುದಿಲ್ಲ."

ಅತಿಥಿ ನೀರಿನ ಲೋಟಕ್ಕೆ ಕೈ ಹಾಕಿದರು. ಅವರು ಕುಡಿದು ಮುಗಿಸುವ ಮೊದಲೇ ವಿಭಾಗದ ಮುಖ್ಯಸ್ಥರು ಸೋಫಾದಿಂದ ಎದ್ದಿದ್ದರು. "ಇದು ತುಂಬ ಟೆಕ್ನಿಕಲ್ ಪ್ರಶ್ನೆ. ಆಫ್‌ಲೈನ್ ಕೇಳಿಕೊಳ್ಳಮ್ಮಾ. ಹೊರಗೆ ಕಾಫಿ ಆರಿಹೋಗುತ್ತಿದೆ."

ಮೈಕನ್ನು ಅವಳ ಕೈಯಿಂದ ಯಾರೋ ತೆಗೆದುಕೊಂಡರು.

ರಸಾಯನಶಾಸ್ತ್ರ ವಿಭಾಗದಲ್ಲಿ, ರಸಾಯನಶಾಸ್ತ್ರದ ಉಪನ್ಯಾಸದಲ್ಲಿ, ರಸಾಯನಶಾಸ್ತ್ರದ ಪ್ರಶ್ನೆ ತುಂಬ ಟೆಕ್ನಿಕಲ್ ಆಯಿತು. ಯುವಜನರಿಗೆ ಸಂದೇಶ ಆಗಬಹುದು. ಬಾಟಲಿಯಲ್ಲಿ ಏನಿತ್ತು ಎನ್ನುವುದು ಆಗುವುದಿಲ್ಲ. ಈ ಪ್ಯಾರಾವನ್ನು ಇನ್ನೂ ಉದ್ದ ಬರೆದಿದ್ದೆ. ಮುಖ್ಯಸ್ಥರಿಗೆ ಕೆಲವು ವಿಶೇಷಣಗಳಿದ್ದವು. "ತೆಗೀರಿ ಮಾಮಾ, ಅವರು ನನ್ನ ಥೀಸಿಸ್ ಕಮಿಟೀಲಿದ್ದಾರೆ," ಅಂದಳು ತೃಪ್ತಿ. ತೆಗೆದಿದ್ದೇನೆ.

೪

ವರಾಂಡದಲ್ಲಿ ಮೆದುವಡೆ, ಕಾಫಿ. ಉಪೇಂದ್ರರಿಗೆ ಗಾಬರಿ. ಶಿಷ್ಯೆಯ ಮೊಣಕೈ ಹಿಡಿದು ಅತಿಥಿಯ ಹತ್ತಿರ ಕರೆದೊಯ್ದು, ಎಲ್ಲ ಸರಿಮಾಡುವ ನಗೆ ನಕ್ಕು, "ಸರ್, ಇವಳು ನಮ್ಮವಳೇ. ಮನೇಲಿ ಕನ್ನಡ. ತಪ್ಪು ತಿಳೀಬೇಡಿ," ಎಂದರು. ಅತಿಥಿ ಮೂಲತಃ ಕನ್ನಡದವರೆಂದು ಗೊತ್ತಿತ್ತು, ಕನ್ನಡದಲ್ಲೇ ಅಂದರು. ಇದನ್ನು ನೆನಪಿಟ್ಟುಕೊಳ್ಳಿ.

"ಓಹೋ, ನಮ್ಮ ಹುಡುಗಿ," ಎಂದು ಕೃಷ್ಣಪ್ರಸಾದರ ಮುಖ ಅರಳಿತು. "ನಮ್ದು ಮೈಸೂರಮ್ಮ. ಅಗ್ರಹಾರ. ಊರು ಬಿಟ್ಟು ಮೂವತ್ತು ವರ್ಷ ಆಯ್ತು, ಈಗ ಕನ್ನಡ ಕೇಳೋಕೇ ಸಿಗಲ್ಲ." ಆಮೇಲೆ ದನಿಯನ್ನೇನೂ ತಗ್ಗಿಸದೆ, ಸುತ್ತ ತಮಿಳರೇ ಇದ್ದುದರಿಂದ ತಗ್ಗಿಸುವ ಅಗತ್ಯವೂ ಕಾಣದೆ, ಹೇಳಿದರು. "ಒಳ್ಳೇ ಪ್ರಶ್ನೆ ಕೇಳಿದೆ ಕಣಮ್ಮ. ಇತ್ತು. ಕಾರ್ಬೊನೇಟಲ್ಲೇ ಇತ್ತು. ನಮ್ಮ ಸ್ಟೂಡೆಂಟ್ ಒಬ್ಬ ಹಿಡಿದ. ಅದಾಗಿ ಎರಡು ವರ್ಷ."

ತೃಪ್ತಿಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. "ಮತ್ತೆ ಸರ್, ಇವತ್ತು ಆ ಸ್ಲೈಡು..."

"ಆ ಸ್ಲೈಡ್ ತೆಗೆದ್ರೆ ಲೆಕ್ಚರಲ್ಲಿ ಏನುಳಿಯುತ್ತೆ ಹೇಳು?" ನಕ್ಕರು. ಸಹಜವಾದ, ಸ್ನೇಹದ ನಗು. "ಎಲ್ಲಾರ್ಗೂ ಗೊತ್ತಮ್ಮ ಇದು. ಫೀಲ್ಡಲ್ಲಿರೋರಿಗೆ ಗೊತ್ತು. ಗೊತ್ತಿಲ್ಲದೋರು ಹೇಗೂ ಮಾಡೋಕೆ ಹೋಗಲ್ಲ."

"ನಾನು ಮಾಡ್ತಿದ್ದೆ ಸರ್. ಬರ್ತಿಲ್ಲ ಅಂತ ಮೂರು ವರ್ಷ ಮಾಡ್ತಾನೇ ಇದ್ದೆ."

"ಅಯ್ಯೋ ಪಾಪ," ಎಂದರು ಅತಿಥಿ. ನಿಜವಾಗಿಯೂ ಪಾಪ ಅನ್ನಿಸಿತ್ತು ಅವರಿಗೆ. ವಡೆ ಹಿಡಿಯದ ಕೈಯನ್ನು ಅವಳ ತಲೆಯ ಮೇಲಿಟ್ಟರು. "ಬೇಗ ಪಿಎಚ್‌ಡಿ ಮುಗಿಸು. ಪೋಸ್ಟ್‌ಡಾಕ್‌ಗೆ ನಮ್ಮ ಕಡೆ ಬಾ. ನಮ್ಮ ಹುಡುಗರು ಮುಂದೆ ಬರಬೇಕು."

(ಈ ಕಥೆಯನ್ನು ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೀರಿ, ಚೆನ್ನೈಯ ಕಥೆಯಲ್ಲವೇ ಎಂದು ಒಬ್ಬ ಗೆಳೆಯರು ಕೇಳಿದರು. ಸುಳ್ಳನ್ನು ಇಂಗ್ಲಿಷಿನಲ್ಲಿ ಮೈಕು ಹಿಡಿದು ಹೇಳಿದರು, ನಿಜವನ್ನು ಕನ್ನಡದಲ್ಲಿ ವಡೆ ಹಿಡಿದು ಹೇಳಿದರು. ನಾನು ಇನ್ಯಾವ ಭಾಷೆಯಲ್ಲಿ ಬರೆಯಲಿ?)

೫

ಕಾರು ಏರ್‌ಪೋರ್ಟಿಗೆ ಹೊರಟ ಮೇಲೆ ತೃಪ್ತಿ ನೇರ ಮುಖ್ಯಸ್ಥರ ಕೋಣೆಗೆ ಹೋದಳು. ಉಪೇಂದ್ರರೂ ಅಲ್ಲೇ ಇದ್ದರು. ಕೃಷ್ಣಪ್ರಸಾದರು ತಾವೇ ಒಪ್ಪಿಕೊಂಡರು, ಎರಡು ವರ್ಷದಿಂದ ಅವರಿಗೆ ಗೊತ್ತಂತೆ ಎಂದು ತಮಿಳಿನಲ್ಲಿ ಹೇಳಿದಳು.

"ಯಾರ ಎದುರಿಗೆ ಒಪ್ಪಿಕೊಂಡರು?" ಎಂದರು ಮುಖ್ಯಸ್ಥರು.

"ಉಪೇಂದ್ರ ಸರ್ ಪಕ್ಕದಲ್ಲೇ ಇದ್ದರು."

ಮುಖ್ಯಸ್ಥರು ಉಪೇಂದ್ರರ ಕಡೆ ತಿರುಗಿದರು. ಉಪೇಂದ್ರರು ಕಿಟಕಿಯಾಚೆ ನೋಡುತ್ತ ಅಚ್ಚ ಮದರಾಸು ತಮಿಳಿನಲ್ಲಿ ಹೇಳಿದರು. "ಅವರಿಬ್ಬರೂ ಕನ್ನಡದಲ್ಲಿ ಏನೋ ಮಾತಾಡುತ್ತಿದ್ದರು ಸರ್. ನಮ್ಮದು ನಾಲ್ಕು ತಲೆಮಾರಿನಿಂದ ಇಲ್ಲೇ ಅಲ್ಲವೇ? ನನಗೆ ಕನ್ನಡ ಅಷ್ಟಾಗಿ ಬರುವುದಿಲ್ಲ."

ಮುಖ್ಯಸ್ಥರಿಗೆ ಎಷ್ಟು ಸಮಾಧಾನವಾಯಿತೆಂದರೆ ತೃಪ್ತಿಗೆ ಕುರ್ಚಿ ತೋರಿಸಿ ಕೂರಲು ಹೇಳಿದರು. ಅವಳು ಕೂರಲಿಲ್ಲ.

ಸಂಜೆ ಮನೆಯಲ್ಲಿ ಇದನ್ನು ಕೇಳಿದ ನೀರಜಮ್ಮ ಹೂ ಕಟ್ಟುತ್ತಿದ್ದ ಕೈ ನಿಲ್ಲಿಸಿದರು. ಪಿಎಚ್‌ಡಿ, ಪಲೇಡಿಯಂ, ಸ್ಲೈಡು ಯಾವುದೂ ಅವರನ್ನು ಅಷ್ಟಾಗಿ ಮುಟ್ಟಿರಲಿಲ್ಲ. ಇದು ಮುಟ್ಟಿತು.

"ಕನ್ನಡ ಬರಲ್ಲವಂತಾ? ಏನೇ ಇದು? ಅವರ ತಾಯಿ ಮಾಂಬಲಂ ಮಠದಲ್ಲಿ ದೇವರನಾಮ ಹೇಳಿಕೊಡ್ತಿದ್ರು. ನಾನೇ ಕಲಿತಿದೀನಿ ಅವರ ಹತ್ರ. ಈ ಉಪೇಂದ್ರ ಪಕ್ಕದಲ್ಲಿ ಕೂತ್ಕೊಂಡು ತಾಳ ಹಾಕ್ತಿದ್ದ."

"ಬಿಡಮ್ಮಾ."

"ಏನು ಬಿಡೋದು? ತಾಯಿ ಮಾತೇ ಬರಲ್ಲ ಅಂತ ಹೇಳಿಬಿಟ್ಟನಲ್ಲೇ. ಬರಲಿ ಈ ಸಲ ಅಷ್ಟಮಿಗೆ."

೬ (ಹೊಡೆದುಹಾಕಿದ ಅಂತ್ಯಗಳು)

ಒಂದು. ತೃಪ್ತಿ ವರಾಂಡದಲ್ಲೇ ಅತಿಥಿಯ ಬಿಳಿ ಶರ್ಟಿನ ಮೇಲೆ ಕಾಫಿ ಚೆಲ್ಲುತ್ತಾಳೆ. ಓದಿದೆ. "ನಾನು ಅಂಥೋಳಲ್ಲ," ಅಂದಳು. ನಾನು ಅಂಥವನೇ, ಆದರೆ ನಾನು ಅಲ್ಲಿರಲಿಲ್ಲ.

ಎರಡು. ಅವಳು ಮಾತನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು, ಅದು ದೇಶವೆಲ್ಲ ಹರಡುತ್ತದೆ. "ಹೂಗುಚ್ಛ ಹಿಡ್ಕೋಬೇಕು ಅಂತ ಫೋನು ಬ್ಯಾಗಲ್ಲಿಟ್ಟಿದ್ದೆ ಮಾಮಾ."

ಮೂರು. ವಿಮಾನದಲ್ಲಿ ಕೂತ ಕೃಷ್ಣಪ್ರಸಾದರಿಗೆ ಪಶ್ಚಾತ್ತಾಪವಾಗುತ್ತದೆ. ಇದನ್ನೂ ಓದಿದೆ. ಮೊದಲು ಅವಳು ನಕ್ಕಳು, ಆಮೇಲೆ ನಾನೂ ನಕ್ಕೆ. ಆ ಹಾಳೆಯ ಹಿಂಭಾಗದಲ್ಲಿ ಈಗ ಹಾಲಿನವನ ಲೆಕ್ಕವಿದೆ.

"ಯಾಕೆ ಮಾಮಾ ಸುಮ್ನೆ ಮೇಲೆ ಮೇಲೆ ಹೋಗ್ತೀರಿ? ಮಾರನೇ ದಿನ ಏನಾಯ್ತು ಅಂತ ಕೇಳಿ."

ಏನಾಯ್ತು?

೭

ಮಾರನೆಯ ದಿನ ಉಪೇಂದ್ರರು ಅವಳನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ನಿನ್ನೆ ಮರೆತುಹೋಗಿದ್ದ ಕನ್ನಡ ಇವತ್ತು ನಿರರ್ಗಳವಾಗಿ ಬಂತು.

"ನನ್ನ ಮೇಲೆ ಕೋಪ ಇದೆ, ತಿಳೀತದೆ. ನನ್ನ ಪ್ರಾಜೆಕ್ಟ್ ಕೃಷ್ಣಪ್ರಸಾದರ ಗ್ರಾಂಟ್ ಕಮಿಟೀಲಿ ಕೂತಿದೆಯಮ್ಮಾ. ಅದು ಹೋದ್ರೆ ಲ್ಯಾಬೇ ಇಲ್ಲ. ನೀನು, ಭವಾನಿ, ಇನ್ನೂ ಇಬ್ಬರು, ಎಲ್ಲಾರೂ ಬೀದೀಲೇ. ಸುಮ್ಮಾ ನಿನಗೋಸ್ಕರ ಹೇಳ್ತಿಲ್ಲ. ಆ ಒಂದು ಅಧ್ಯಾಯ ಥೀಸಿಸ್ಸಿಂದ ತೆಗೆದುಬಿಡು. ಮಿಕ್ಕಿದ್ದು ಸಾಕು, ಜೂನಲ್ಲಿ ಡಾಕ್ಟರೇಟ್ ಆಗ್ತದೆ. ನೀನು ತೆಗೆದ್ರೆ ನಾನು ಭವಾನಿ ಟಾಪಿಕ್ ಬದಲಾಯಿಸಿಕೊಡ್ತೀನಿ. ಅವಳಿಗೆ ಆ ರಿಯಾಕ್ಷನ್ ಬೇಡ. ಸರಿಯಾ?"

ತೃಪ್ತಿ ಯೋಚಿಸಿ ಹೇಳುತ್ತೇನೆ ಎಂದಳು.

(ಇಲ್ಲಿ ನಾನು ಅವಳ ಮೇಲೆ ರೇಗಿದೆ. "ಯೋಚಿಸೋದೇನಮ್ಮಾ? ಆಗಲ್ಲ ಅಂತ ಅಲ್ಲೇ ಹೇಳೋದು ತಾನೇ?" ಅವಳು ತಲೆ ತಗ್ಗಿಸಿ, "ನಿಮಗೆ ಈಸಿ ಮಾಮಾ, ನೀವು ಬರೀತಿದ್ದೀರಿ," ಅಂದಳು. ಆ ದಿನ ಮುಂದಕ್ಕೆ ಬರೆಯಲಾಗಲಿಲ್ಲ.)

ಯೋಚಿಸಿದಷ್ಟೂ ಅದು ಒಳ್ಳೆಯ ಏರ್ಪಾಡಿನ ಹಾಗೇ ಕಂಡಿತು. ಭವಾನಿ ಪಾರಾಗುತ್ತಾಳೆ. ತನಗೂ ಡಿಗ್ರಿ ಸಿಗುತ್ತದೆ. ಆಮೇಲೆ, ಎಲ್ಲಾದರೂ ಕೆಲಸ ಸಿಕ್ಕಿ ನೆಲೆ ನಿಂತ ಮೇಲೆ, ನಿಜವನ್ನು ಪ್ರಕಟಿಸಬಹುದು. ಆದರೆ ಭವಾನಿಯ ಪರವಾಗಿ ಅವಳನ್ನು ಕೇಳದೆ ವ್ಯವಹಾರ ಕುದುರಿಸುವುದು ಸರಿಯೆನ್ನಿಸಲಿಲ್ಲ. ಊಟದ ಬಿಡುವಿನಲ್ಲಿ ಅವಳನ್ನು ಕ್ಯಾಂಟೀನಿನ ಹಿಂದಿನ ಕಟ್ಟೆಗೆ ಕರೆದೊಯ್ದು, ಬಾಟಲಿಯಿಂದ ಹಿಡಿದು ಗೈಡ್ ಕೊಟ್ಟ ಆಸೆಯವರೆಗೆ ಎಲ್ಲವನ್ನೂ ಹೇಳಿದಳು.

ಭವಾನಿ ತನ್ನ ಡಬ್ಬಿಯ ಮುಚ್ಚಳವನ್ನು ಒತ್ತಿ ಒತ್ತಿ ಮುಚ್ಚಿದಳು. ಎಂದೂ ತಮಿಳು ಬಿಟ್ಟು ಮಾತಾಡದ ಹುಡುಗಿ ಅವತ್ತು ಕನ್ನಡದಲ್ಲಿ ಮಾತಾಡಿದಳು. ಅವಳ ಮನೆಯ ಕನ್ನಡ.

"ನಾ ಅಲ್ಲೇ ನಿಂತಿದ್ನೆಕ್ಕಾ. ನಿಮ್ಮ ಬೆನ್ನ ಹಿಂದ. ಕಾಫಿ ಸಾಲಿನ್ಯಾಗ. ಆ ಸರ್ ಅಂದದ್ದೆಲ್ಲಾ ಕೇಳೀನಿ."

"ಕೇಳಿದ್ಯಾ? ಮತ್ತೆ ನನಗೆ ಹೇಳಲೇ ಇಲ್ವಲ್ಲಾ."

"ನೀವು ಹೇಳ್ತೀರೇನಂತ ನೋಡ್ಲಿಕ್ಹತ್ತಿದ್ದೆ." ಭವಾನಿಯ ದನಿ ಏರಲಿಲ್ಲ, ಆದರೆ ಕಣ್ಣು ಕೆಂಪಾಗಿದ್ದವು. "ದೀಪಾವಳಿಗಿಂತ ಮೊದಲ ನಿಮಗ ಗೊತ್ತಿತ್ತು. ನಾ ನಿಮ್ಮ ಬಾಜೂಕ ನಿಂತು ದಿನಾ ಅದನ್ನ ಕುದಿಸ್ತಿದ್ದೆ. ಯಾಕ ಬರವಲ್ದು ಅಕ್ಕಾ ಅಂತ ನಿಮ್ಮನ್ನ ಕೇಳೀನಿ. ನೀರು ಬದಲಿ ಮಾಡಿ ನೋಡು ಅಂದ್ರಿ. ನಿಮಗ ಗೊತ್ತಿದ್ದೂ ನೀರು ಬದಲಿ ಮಾಡು ಅಂದ್ರಿ."

ಬಾಯಿಬಿಡಬೇಡ ಎಂದು ಸರ್ ಹೇಳಿದ್ದರು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದು, ತನಗೇ ನಾಚಿಕೆಯಾಗಿ ಹಿಂದಕ್ಕೆ ಹೋಯಿತು. ಎಲ್ಲರಿಗೂ ಗೊತ್ತಮ್ಮ ಎಂದು ವಡೆ ಹಿಡಿದು ನಕ್ಕರಲ್ಲ, ಆ ಎಲ್ಲರಲ್ಲಿ ತಾನೂ ಒಬ್ಬಳು ಎನ್ನುವುದು ಆ ಕಟ್ಟೆಯ ಮೇಲೆ ಕೂತಾಗ ಅವಳಿಗೆ ಹೊಳೆಯಿತು.

"ತಪ್ಪಾಯ್ತು ಭವಾನಿ," ಅಂದಳು.

"ನನ್ನ ಟಾಪಿಕ್ಕಿನ ಸಲುವಾಗಿ ನೀವು ಬಾಯಿ ಮುಚ್ಕೋಬ್ಯಾಡ್ರಿ. ಆ ಋಣ ನನಗ ಬ್ಯಾಡ." ಡಬ್ಬಿ ಎತ್ತಿಕೊಂಡು ಭವಾನಿ ಹೊರಟುಹೋದಳು.

(ಮಹಿಳೆಯರಿಬ್ಬರೂ ಅಪ್ಪಿಕೊಂಡು ಅತ್ತರೆಂದು ಬರೆಯುವ ಆಸೆ ನನಗೆ ಬಹಳ ಇತ್ತು. ಅವರು ಅಪ್ಪಿಕೊಳ್ಳಲಿಲ್ಲ. ನಾಲ್ಕೈದು ದಿನ ಮಾತೂ ಆಡಲಿಲ್ಲ.)

೮

ಥೀಸಿಸ್ ಕೊಡುವ ಮುನ್ನ ಪ್ರತಿ ಸಂಶೋಧಕರೂ ವಿಭಾಗದಲ್ಲಿ ಒಂದು ಬಹಿರಂಗ ಸೆಮಿನಾರ್ ಕೊಡಬೇಕೆಂದು ನಿಯಮವಿದೆ. ಯಾರು ಬೇಕಾದರೂ ಬಂದು ಕೂರಬಹುದು, ಗೈಡ್ ಇರಲೇಬೇಕು. ಈ ಸೆಮಿನಾರಿಗೆ ಬ್ಯಾನರಿಲ್ಲ, ಶಾಲಿಲ್ಲ, ಸೋಫಾದ ಮೇಲೆ ಯಾರೂ ಇಲ್ಲ. ಹಿಂದಿನ ಕುರ್ಚಿಗಳಲ್ಲಿ ಮಾತ್ರ ಅವತ್ತು ಜನ ತುಂಬಿದ್ದರು. ವಿಷಯ ಹೇಗೋ ಹಬ್ಬಿತ್ತು.

ಹಿಂದಿನ ದಿನ ತೃಪ್ತಿ ಉಪೇಂದ್ರರ ಕೋಣೆಗೆ ಹೋಗಿ, ಆ ಅಧ್ಯಾಯ ಇರುತ್ತದೆ ಸರ್ ಎಂದು ಹೇಳಿ ಬಂದಿದ್ದಳು. ಈಗ ಅವರು ಪಕ್ಕದ ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು.

ಅವಳು ಎಲ್ಲವನ್ನೂ ತೋರಿಸಿದಳು. ಹಳೆಯ ಬಾಟಲಿ, ಹೊಸ ಬಾಟಲಿ, ಯಂತ್ರದ ಫಲಿತಾಂಶ, ಲೋಹ ಬೆರೆಸಿದಾಗ ಬಂದದ್ದು, ಬೆರೆಸದಿದ್ದಾಗ ಬಾರದ್ದು. ಮೂಲ ಪ್ರಬಂಧದ ಹೆಸರನ್ನೂ ಹಾಕಿದ್ದಳು. ಕೊನೆಗೆ, "ಈ ವಿಷಯ ಪ್ರೊಫೆಸರ್ ಕೃಷ್ಣಪ್ರಸಾದರಿಗೆ ತಿಳಿದಿದೆ. ಇದೇ ವರಾಂಡದಲ್ಲಿ ನನಗೆ ಕನ್ನಡದಲ್ಲಿ ಹೇಳಿದರು," ಎಂದಳು. ಆಮೇಲೆ, ಯಾರೂ ಕೇಳದಿದ್ದರೂ, "ನನಗೂ ತಿಂಗಳುಗಳಿಂದ ಗೊತ್ತಿತ್ತು. ನನ್ನ ಜೂನಿಯರಿಗೆ ಹೇಳಲಿಲ್ಲ. ಅವಳ ಕೆಲಸ ಹಾಳಾಯಿತು," ಎಂದೂ ಸೇರಿಸಿದಳು.

ಮುಖ್ಯಸ್ಥರು ಎದ್ದರು. "ಹೊರಗಿನ ಗಣ್ಯರ ಬಗ್ಗೆ ಹೀಗೆ ಕೇಳಿದ ಮಾತನ್ನೆಲ್ಲ ಇಲ್ಲಿ ತರಬಾರದು. ಅವರು ಏನೆಂದರೋ ನಮಗೆ ಯಾರಿಗೂ ಗೊತ್ತಿಲ್ಲ. ಕನ್ನಡ ಯಾರಿಗೆ ಬರುತ್ತದೆ ಇಲ್ಲಿ?"

ಹಿಂದಿನಿಂದ ಎರಡನೆಯ ಸಾಲಿನಲ್ಲಿ ಭವಾನಿ ಎದ್ದು ನಿಂತಳು. ತೃಪ್ತಿ ಅವಳನ್ನು ಕೇಳಿಕೊಂಡಿರಲಿಲ್ಲ. ಬರುತ್ತಾಳೆಂದೂ ತಿಳಿದಿರಲಿಲ್ಲ.

"ನನಗೆ ಬರುತ್ತದೆ ಸರ್," ಎಂದಳು ತಮಿಳಿನಲ್ಲಿ. "ನಾನು ಪಕ್ಕದಲ್ಲೇ ಇದ್ದೆ. ಅವರು ಹೇಳಿದ್ದನ್ನು ತಮಿಳಿನಲ್ಲಿ ಹೇಳುತ್ತೇನೆ." ಅನುಮತಿಗೆ ಕಾಯದೆ ಒಂದೊಂದೇ ವಾಕ್ಯವನ್ನು ಎತ್ತಿ ತಮಿಳಿಗೆ ಇಟ್ಟಳು. ಆ ಸ್ಲೈಡ್ ತೆಗೆದರೆ ಲೆಕ್ಚರಿನಲ್ಲಿ ಏನುಳಿಯುತ್ತದೆ ಎಂಬಲ್ಲಿಗೆ ಬಂದಾಗ ಹುಡುಗರು ನಕ್ಕರು. "ಎರಡು ವರ್ಷದ ಹಿಂದೆ ಅವರೇ ಅದನ್ನು ಕಂಡುಹಿಡಿದರಂತೆ," ಎಂದಳು ಭವಾನಿ.

"ಅವರಿಲ್ಲೈಮ್ಮಾ. ಅವರ ಸ್ಟೂಡೆಂಟ್."

ಗೋಡೆಯ ಪಕ್ಕದಿಂದ ಬಂದ ಮಾತು. ಉಪೇಂದ್ರರ ಮಾತು. ಇಪ್ಪತ್ತು ವರ್ಷ ಮಕ್ಕಳ ತಪ್ಪು ತಿದ್ದಿ ತಿದ್ದಿ ಬಂದ ಅಭ್ಯಾಸ, ತಪ್ಪು ಕಿವಿಗೆ ಬಿದ್ದೊಡನೆ ಬಾಯಿಂದ ಜಾರಿಬಿಟ್ಟಿತ್ತು.

ಉಪೇಂದ್ರರು ತಾವು ಅಂದದ್ದನ್ನು ತಾವೇ ಕೇಳಿಸಿಕೊಂಡವರ ಹಾಗೆ ಮೆಲ್ಲಗೆ ಕಟ್ಟಿದ ಕೈ ಬಿಚ್ಚಿದರು. ಮುಖ್ಯಸ್ಥರು ಅವರನ್ನೇ ನೋಡುತ್ತಿದ್ದರು.

(ನೀವು ನಂಬುವುದಿಲ್ಲ, ಗೊತ್ತು. ನಾನೂ ನಂಬದೆ, "ಇದು ಕಥೆಯ ಹಾಗಿದೆಯಲ್ಲಮ್ಮಾ," ಅಂದೆ. "ನನಗೂ ಹಾಗೇ ಅನ್ನಿಸ್ತು," ಅಂದಳು ತೃಪ್ತಿ. ಅನುಮಾನ ಬಂದು ಭವಾನಿಯನ್ನೂ ಕೇಳಿದೆ. "ಹೌದ್ರಿ, ಹಂಗ ಅಂದ್ರು," ಎಂದಳು.)

"ಸರ್," ಎಂದಳು ತೃಪ್ತಿ ಉಪೇಂದ್ರರಿಗೆ, ಕನ್ನಡದಲ್ಲಿ, ಮೆತ್ತಗೆ. "ಮಿಕ್ಕಿದ್ದು ಸರಿಯಾಗಿ ಹೇಳಿದಳಾ?"

ಉಪೇಂದ್ರರು ಕನ್ನಡಕ ತೆಗೆದರು. "ಸರಿಯಾಗೇ ಹೇಳಿದಳು," ಎಂದು ಎದ್ದು ಹೊರಗೆ ನಡೆದರು.

೯, ೧೦, ಅಥವಾ ಇನ್ನೆಷ್ಟೋ

ಇಲ್ಲಿಗೆ ಮುಗಿಸಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಬೀಳಬಾರದೆಂದೇ ಮುಂದೆ ಬರೆಯುತ್ತಿದ್ದೇನೆ.

ಇದರಿಂದ ಆದದ್ದಿಷ್ಟು. ಮುಖ್ಯಸ್ಥರು ಒಂದು ಸಮಿತಿ ಮಾಡುವುದಾಗಿ ಹೇಳಿದರು, ಸಮಿತಿಯಲ್ಲಿ ಯಾರಿರಬೇಕೆಂದು ನೋಡಲು ಇನ್ನೊಂದು ಸಮಿತಿ ಆಗಬೇಕಿದೆ. ಭವಾನಿ ಬೇರೆ ಲ್ಯಾಬಿಗೆ ಹೋದಳು, ಮತ್ತೆ ಮೊದಲಿನಿಂದ ಶುರು. ಮೂಲ ಪ್ರಬಂಧವನ್ನು ಯಾರೂ ಹಿಂತೆಗೆದುಕೊಂಡಿಲ್ಲ. ಕೃಷ್ಣಪ್ರಸಾದರು ಇನ್ನೊಂದು ಊರಿನಲ್ಲಿ ಅದೇ ಉಪನ್ಯಾಸ ಕೊಟ್ಟರು. ಸ್ಲೈಡು ಹಾಗೇ ಇದೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಕೆಲವು ಬ್ಯಾಚುಗಳಲ್ಲಿ ಫಲಿತಾಂಶ ವ್ಯತ್ಯಾಸವಾಗಬಹುದು ಎಂದು ಹೊಸದಾಗಿ ಸೇರಿಸಿದ್ದಾರಂತೆ. ಬ್ಯಾಚು. ತೃಪ್ತಿಯ ಮೂರು ವರ್ಷ, ಭವಾನಿಯ ಅಷ್ಟೂ ತಿಂಗಳು, ಅದು ಬ್ಯಾಚು.

ಉಪೇಂದ್ರರು ತೃಪ್ತಿಯ ಥೀಸಿಸ್ಸಿಗೆ ಸಹಿ ಹಾಕಿಲ್ಲ, ಹಾಕುವುದಿಲ್ಲ ಎಂದೂ ಹೇಳಿಲ್ಲ. ಎದುರಾದರೆ ತಲೆಯಾಡಿಸುತ್ತಾರೆ. ಆ ಒಂದು ವಾಕ್ಯ ಅವರಿಗೆ ಏನೇನು ಕಳೆಯಿತೋ, ನಿದ್ದೆ ಬರುವ ಹಾಗೆ ಮಾಡಿತೋ ಇಲ್ಲವೋ, ಅವರ ತಲೆಯೊಳಗೆ ಹೊಕ್ಕು ಬರೆಯುವ ಅಧಿಕಾರ ಕಥೆಗಾರನಿಗೆ ಇದೆಯಂತೆ. ನಾನು ಹೊಗಲಿಲ್ಲ. ಮನಸ್ಸಾಗಲಿಲ್ಲ.

ಹಾಗಾದರೆ ಅಂತ್ಯ? ಅದನ್ನೇ ಕೇಳಲು ನಿನ್ನೆ ಮಧ್ಯಾಹ್ನ ಅವರ ಮನೆಗೆ ಹೋದೆ. "ನೋಡಮ್ಮಾ, ಎರಡು ಇಟ್ಟುಕೊಂಡಿದ್ದೇನೆ. ಒಂದರಲ್ಲಿ ನಿನಗೆ ಡಾಕ್ಟರೇಟ್ ಬರುತ್ತೆ. ಇನ್ನೊಂದರಲ್ಲಿ ಬಿಟ್ಟು ಸ್ಕೂಲ್ ಟೀಚರ್ ಆಗ್ತೀಯ. ನಿನಗೆ ಯಾವುದು..."

ಅಷ್ಟರಲ್ಲಿ ಅವಳಿಗೆ ಫೋನು ಬಂತು. ಗೊತ್ತಿಲ್ಲದ ನಂಬರು. ಸ್ಪೀಕರಿಗೆ ಹಾಕಿದಳು. ತಿರುನೆಲ್ವೇಲಿ ಕಡೆಯ ತಮಿಳು, ಬೆದರಿದ ದನಿ. ಇಸಕ್ಕಿರಾಜ ಅಂತೆ, ಆ ಕಡೆಯ ಒಂದು ಕಾಲೇಜಿನಲ್ಲಿ ಪಿಎಚ್‌ಡಿ ಎರಡನೆಯ ವರ್ಷ.

"ಅಕ್ಕಾ, ನಿಮ್ಮ ಸೆಮಿನಾರ್ ವಿಷಯ ಒಬ್ಬರು ಹೇಳಿದರು. ನಿಜವಾ ಅಕ್ಕಾ? ನಿಮಗೂ ಬರಲಿಲ್ಲವಾ?"

"ಬರಲಿಲ್ಲ."

"ನನ್ನ ಕೈಯೇ ಸರಿಯಿಲ್ಲ ಅಂದುಕೊಂಡಿದ್ದೆ ಅಕ್ಕಾ. ಗೈಡೂ ಹಾಗೇ ಅನ್ನುತ್ತಾರೆ. ಬಿಟ್ಟುಬಿಡೋಣ ಅಂತ ಊರಿನಲ್ಲಿ ಹೇಳಿಯೂ ಆಗಿದೆ. ಇವತ್ತು ಕಡೇ ಸಲ ಅಂತ ಹಾಕಿದ್ದೀನಿ, ಫ್ಲಾಸ್ಕಿನ ಕೆಳಗೆ ಎಣ್ಣೆ ಬಿಸಿಯಾಗುತ್ತಿದೆ."

"ಹೀಟರ್ ಆಫ್ ಮಾಡು," ಎಂದಳು ತೃಪ್ತಿ. ನನ್ನ ಕಡೆ ಕೈ ಅಡ್ಡ ಹಿಡಿದು ಸುಮ್ಮನಿರಲು ಸನ್ನೆ ಮಾಡಿ, ನೆಲದ ಮೇಲೆ ಗೋಡೆಗೆ ಒರಗಿ ಕೂತಳು. "ಆಫ್ ಮಾಡಿದ್ಯಾ? ಸರಿ. ಈಗ ನಿನ್ನ ಕಾರ್ಬೊನೇಟ್ ಬಾಟಲು ಎಲ್ಲಿದೆ ನೋಡು. ಬ್ಯಾಚ್ ನಂಬರ್ ಓದು."

ಹುಡುಗ ಬಾಟಲಿ ಹುಡುಕಲು ಹೋದ. ನಾನು ನನ್ನ ಎರಡು ಅಂತ್ಯಗಳನ್ನು ಮಡಿಸಿ ಜೇಬಿಗಿಟ್ಟುಕೊಂಡೆ. ಅವಳು ಫೋನು ಕೈಯಲ್ಲಿ ಹಿಡಿದು ಕಾಯುತ್ತಿದ್ದಾಳೆ, ನೀವೂ ಸ್ವಲ್ಪ ಕಾಯಿರಿ.